ಹಿಂದಿನ ಸೀಟಿನ ಕೌದಿ

ಹೋದ ತಿಂಗಳು ಹುಕ್ಕೇರಿಯಲ್ಲಿ ಒಬ್ಬರ ಮನೆಯಲ್ಲಿ ಕೊಟ್ಟ ಶಿರಾವನ್ನು ನಾನು ತಿನ್ನಲಿಲ್ಲ. ಅದಕ್ಕಾಗಿ ನನ್ನ ಮಗ ಇವತ್ತಿಗೂ ನನ್ನೊಂದಿಗೆ ನೆಟ್ಟಗೆ ಮಾತಾಡುತ್ತಿಲ್ಲ. ಅವನು ಅಲ್ಲಿಯ ಶಾಲೆಯಲ್ಲಿ ಮಾಸ್ತರ. ಗಂಡ ಹೆಂಡತಿ, ಎರಡು ಮಕ್ಕಳು, ಜೊತೆಗೆ ನಾನು, ಐದು ಜನ ಸಲೀಸಾಗಿ ಕೂಡುವಂಥ, ಹಿಂದೆ ಡಿಕ್ಕಿ ಇರುವ ಉದ್ದನೆಯ ಕಾರು ಬೇಕೆಂದು ಬಹಳ ದಿನದಿಂದ ಹುಡುಕುತ್ತಿದ್ದ. ಹೊಸದನ್ನು ನೋಡಲು ಬೆಳಗಾವಿಗೆ ಎರಡು ಸಲ ಹೋಗಿ ಬಂದ, ಕೈಗೆಟುಕಲಿಲ್ಲ. ಕೊನೆಗೆ ಮೂರು ವರ್ಷ ಓಡಿದ ಸೆಡಾನ್ ಒಂದು ಮಾರಾಟಕ್ಕಿದೆ ಎಂದು ಗೊತ್ತಾಯಿತು. ಮಾರುವವರು ಗಂಡ ಹೆಂಡತಿ ಇಬ್ಬರೂ ನೌಕರಿಯವರು, ವರ್ಗವಾಗಿ ದೂರದ ಊರಿಗೆ ಹೊರಟವರು. ನಾನು ಮೂವತ್ತು ವರ್ಷ ಸರಕಾರಿ ಬಸ್ಸು ಓಡಿಸಿದವನು, ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತೇನೆ ಎಂದು ಮಗನಿಗೆ ನಂಬಿಕೆ. ಅದಕ್ಕೇ ಕರೆದುಕೊಂಡು ಹೋದ. ನಾವು ಹೋಗಿ ಕುರ್ಚಿಯ ಮೇಲೆ ಕೂತೆವೋ ಇಲ್ಲವೋ, ಆ ಹೆಣ್ಣುಮಗಳು ಒಳಗಿನಿಂದ ತಟ್ಟೆಯಲ್ಲಿ ಬಿಸಿ ಶಿರಾ, ಚಹಾ ತಂದಳು. ತುಪ್ಪದ ವಾಸನೆ ಮೂಗಿಗೆ ಬಡಿದದ್ದೇ ತಟ್ಟೆಯನ್ನು ಸರಿಸಿಬಿಟ್ಟೆ.

"ಮೊದಲ ಹಿಂದಿನ ಸೀಟ್ ಎತ್ತಿ ತೋರಸ್ರಿ. ತಿನ್ನೂದು ಆಮ್ಯಾಲ."

"ಅಪ್ಪಾ, ಏನ ಮಾತಾಡಾಕತ್ತೀರಿ ನೀವು?" ಮಗ ನನ್ನ ಮೊಣಕೈ ಹಿಡಿದ.

"ಸೀಟ್ ಎತ್ತಾಕ ಹೇಳು."

ಮನೆಯ ಯಜಮಾನ ಎದ್ದು ಹೋಗಿ ಸೀಟು ಎತ್ತಿದ. ನಾನು ಮೊಣಕಾಲು ನೋವನ್ನು ಲೆಕ್ಕಿಸದೆ ಬಾಗಿ, ಕೈಯಾಡಿಸಿ, ಬೆರಳನ್ನು ಮೂಸಿ ನೋಡಿದೆ. ಒಂದು ಸೀಸದ ಕಡ್ಡಿ, ಹುಡುಗಿಯೊಬ್ಬಳ ತಲೆಪಿನ್ನು, ನಾಲ್ಕು ಶೇಂಗಾ ಸಿಪ್ಪೆ. ಒಣ ಜಾಗ, ಒಣ ವಾಸನೆ. ಗಾಡಿ ಬಂಗಾರದಂತಿತ್ತು. ನಾನು ತಿರುಗಿ ಬಂದು ಕೂಡುವಷ್ಟರಲ್ಲಿ ಆ ಹೆಣ್ಣುಮಗಳು ತಟ್ಟೆಗಳನ್ನು ಎತ್ತಿಕೊಳ್ಳುತ್ತಿದ್ದಳು.

"ನಾವು ಅಂಥಾ ಮಂದಿ ಅಲ್ರಿ, ಅಜ್ಜಾರ," ಎಂದಳು. ಕಣ್ಣಲ್ಲಿ ನೀರಿತ್ತು.

ಮಗ ಆ ಗಾಡಿಯನ್ನೇ ಕೊಂಡ. ಬರುವಾಗ ದಾರಿಯುದ್ದಕ್ಕೂ ಒಂದೇ ಮಾತು ಕೇಳಿದ: ಯಾಕ ಹಿಂಗ ಮಾಡಿದ್ರಿ? ಬಾಯಿಂದ ಬಾರದ್ದು ಕೈಯಿಂದ ಬರಬಹುದೇನೋ ಎಂದು ಈಗ ಬರೆಯಲು ಕೂತಿದ್ದೇನೆ. ಹತ್ತನೆಯ ಇಯತ್ತೆ ಓದಿದವನ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಲಿ. ಆ ಹೆಣ್ಣುಮಗಳ ಮನೆಯ ಶಿರಾದಲ್ಲಿ ನನಗೆ ಬಂದದ್ದು ನಮ್ಮ ಮನೆಯ ವಾಸನೆ.

ನಮ್ಮ ಮನೆ ಇದ್ದದ್ದು ಕೊಣ್ಣೂರಿನಲ್ಲಿ. ರಸ್ತೆಗೆ ಹೊಂದಿದ ದೊಡ್ಡ ಅಂಗಳ, ಅಂಗಳದ ಒಂದು ಬದಿಗೆ ಹಿಂದೆ ದನ ಕಟ್ಟುತ್ತಿದ್ದ ಕೊಟ್ಟಿಗೆ, ಎದುರಿಗೆ ಪಡಸಾಲೆ, ಅದರ ಹಿಂದೆ ಕತ್ತಲೆಯ ನಡುಮನೆ, ಕೊನೆಗೆ ಅಡಿಗೆಮನೆ. ಅಡಿಗೆಮನೆಯ ಗೋಡೆಗೆ ದೇವರ ಜಗಲಿ. ದನ ಮಾರಿದ ಮೇಲೆ ಅಪ್ಪ ಆ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಲು ಶುರು ಮಾಡಿದ. ಅವನ ಕೆಲಸ ಹಳೆಯ ಕಾರು ತಂದು ಮಾರುವುದು. ಆ ಕಾಲದಲ್ಲಿ ನಮ್ಮ ಕಡೆ ಹೊಸ ಕಾರು ಕಂಡವರೇ ಕಡಿಮೆ. ಕೊಲ್ಲಾಪುರದ ಕಡೆಯಿಂದ, ಸಾಂಗಲಿಯ ಕಡೆಯಿಂದ ಯಾರೋ ಬಳಸಿ ಬಿಟ್ಟ ಗಾಡಿಯನ್ನು ಅಪ್ಪ ಹೊಡೆದುಕೊಂಡು ಬರುತ್ತಿದ್ದ. ತಿಂಗಳು ಒಪ್ಪತ್ತು ಅದು ನಮ್ಮ ಕೊಟ್ಟಿಗೆಯಲ್ಲಿರುತ್ತಿತ್ತು. ಉಳಿದ ದಲಾಲರು ಗಾಡಿಯನ್ನು ಗೋಕಾಕದ ಪೇಟೆಯಲ್ಲಿ ನಿಲ್ಲಿಸಿ, ಮಿಸ್ತ್ರಿಯನ್ನು ಕರೆಸಿ, ಬಾನೆಟ್ ಎತ್ತಿ ಕೂಗಾಡಿ ಮಾರುತ್ತಿದ್ದರು. ಅಪ್ಪ ಹಾಗಲ್ಲ. ಅವನು ಮನೆಯಲ್ಲಿ ಮಾರುತ್ತಿದ್ದ, ಮನೆಯ ಗಾಡಿ ಎಂದು ಮಾರುತ್ತಿದ್ದ.

ಗಾಡಿ ಬಂದ ಮರುದಿನವೇ ಅದು ನಮ್ಮದಾಗಬೇಕು. ಡ್ಯಾಶ್‌ಬೋರ್ಡಿನ ಮೇಲೆ ಮೂರು ಬೆರಳ ವಿಭೂತಿ, ಕನ್ನಡಿಗೆ ರುದ್ರಾಕ್ಷಿ ಸರ, ಹಿಂದಿನ ಸೀಟಿನ ಕೆಳಗೆ ನನ್ನ ತಂಗಿಯ ಒಂದು ಹಳೆಯ ಚಪ್ಪಲಿ. ನಾವಿಬ್ಬರೂ ಶಾಲೆ ಬಿಟ್ಟು ಬಂದ ಮೇಲೆ ಅದರಲ್ಲಿ ಕೂತು ಶೇಂಗಾ ತಿನ್ನಬೇಕು, ಸಿಪ್ಪೆ ಅಲ್ಲೇ ಚೆಲ್ಲಬೇಕು. ಬೇರೆ ಮನೆಗಳಲ್ಲಿ ಇದಕ್ಕೆ ಬೈಗುಳ ಸಿಗುತ್ತಿತ್ತು, ನಮಗೆ ಹೊಗಳಿಕೆ. ಕೊಳ್ಳುವವರು ಬರುವ ಹೊತ್ತನ್ನು ಅಪ್ಪ ಊಟದ ಹೊತ್ತಿಗೆ ಸರಿಯಾಗಿ ಗೊತ್ತು ಮಾಡುತ್ತಿದ್ದ. ಅವರು ಬಂದು ಕಾಲು ತೊಳೆದರೆ ನೇರ ಪಂಕ್ತಿಗೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಬದನೆ, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು. ಅಪ್ಪ ಮುಂದೆ ಕೂತು, ಬೇಡ ಬೇಡವೆಂದು ಎಲೆಗೆ ಅಡ್ಡ ಹಿಡಿದ ಕೈಯ ಮೇಲೆಯೇ ತುಪ್ಪ ಸುರಿಯುವವನು. ಎಲೆ ಅಡಿಕೆ ಹಾಕಿಕೊಂಡು ಅಂಗಳಕ್ಕೆ ಬಂದ ಮೇಲೆ ಅವನೇ ಮೊದಲು ಹೇಳುತ್ತಿದ್ದ:

"ಇನ್ನ ಗಾಡಿ ನೋಡ್ರಿ. ಬಾನೆಟ್ ಎತ್ತಲ್ಯಾ?"

"ಏ, ಬಿಡ್ರಿ ಸಾವಕಾರ. ಉಂಡ ಮನ್ಯಾಗ ಬಾನೆಟ್ ಏನ್ ಎತ್ತಸೂದು? ನಿಮ್ಮ ಮಕ್ಕಳು ಕೂಡೂ ಗಾಡಿ ಐತಿ."

ಪ್ರತಿ ಸಲವೂ ಹೆಚ್ಚು ಕಡಿಮೆ ಇದೇ ಮಾತು. ನಮ್ಮ ಕಡೆಯ ಜನ ಹಾಗೆಯೇ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಆದರೆ ಒಬ್ಬರ ಮನೆಯಲ್ಲಿ ಹೋಳಿಗೆ ಉಂಡು ಕೈ ತೊಳೆದ ಮೇಲೆ ಅವರ ವಸ್ತುವನ್ನು ಕೆದಕಿ ನೋಡುವುದೆಂದರೆ ಆ ಮನೆಯ ಹೆಣ್ಣುಮಕ್ಕಳ ಮುಖಕ್ಕೆ ಉಗುಳಿದ ಹಾಗೆ ಎಂದು ತಿಳಿಯುತ್ತಾರೆ. ಅಪ್ಪ ಗಾಡಿ ಮಾರುತ್ತಿರಲಿಲ್ಲ, ಈ ಸಂಕೋಚವನ್ನು ಮಾರುತ್ತಿದ್ದ. ಅವನು ತಂದ ಗಾಡಿಗಳೆಲ್ಲ ಕೆಟ್ಟವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಹೆಚ್ಚಿನವು ಚೆನ್ನಾಗಿಯೇ ಓಡಿದವು. ಆದರೆ ಒಳ್ಳೆಯದಕ್ಕೂ ಅದೇ ಹೋಳಿಗೆ, ಕೆಟ್ಟದ್ದಕ್ಕೂ ಅದೇ ಹೋಳಿಗೆ.

ಆ ಹೋಳಿಗೆ ಬೇಯಿಸುತ್ತಿದ್ದವಳು ಅವ್ವ. ಅವಳಿಗೆ ಈ ವ್ಯವಹಾರ ಎಷ್ಟು ಗೊತ್ತಿತ್ತೋ ನಾನು ಹೇಳಲಾರೆ. ಬಂದವರು ಉಣ್ಣುವುದಷ್ಟೇ ಅವಳ ಲೆಕ್ಕ. ಜಗಲಿಯ ದೇವರಿಗೆ ಎಡೆ ಹಿಡಿಯುವ ಮೊದಲು ಅವಳು ಅಡಿಗೆಯ ರುಚಿ ನೋಡುತ್ತಿರಲಿಲ್ಲ. ಎಡೆಯಾದ ಮೇಲೆ, ಪಂಕ್ತಿಗೆ ಬಡಿಸುವ ಮೊದಲು, ನನ್ನನ್ನು ಕೂಗುತ್ತಿದ್ದಳು. ನಾನು ಅಂಗೈ ಒಡ್ಡಿದರೆ ಅದರಲ್ಲಿ ಒಂದು ಹನಿ ಬಿಸಿ ಸಾರು ಬೀಳುತ್ತಿತ್ತು.

"ಉಪ್ಪ ಬರೋಬರಿ ಐತೇನೊ?"

ಕಡಿಮೆ ಎಂದರೆ ಹಾಕುವಳು, ಹೆಚ್ಚೆಂದರೆ ನೀರು ಬೆರೆಸುವಳು, ಸರಿ ಎಂದರೆ ಬಡಿಸಲು ಏಳುವಳು. ತಾನೊಮ್ಮೆ ನಾಲಿಗೆಗೆ ಹಚ್ಚಿಕೊಂಡು ನೋಡುತ್ತಿರಲಿಲ್ಲ. "ನನ್ನ ಮಗನ ನಾಲಿಗಿ ಸುಳ್ಳ ಹೇಳೂದಿಲ್ಲ," ಎಂದು ನೆರೆಯವರ ಮುಂದೆ ಹೇಳುತ್ತಿದ್ದಳು. ಮನೆಯಲ್ಲಿ ನನಗಿದ್ದ ಪದವಿ ಅದೊಂದೇ, ಅದರ ಹೆಮ್ಮೆ ನನಗೆ ಬಹಳ ಇತ್ತು.

ಅವ್ವನ ತವರುಮನೆ ಮೂಡಲಗಿ. ಅಲ್ಲಿ ಅವಳ ತಾಯಿ ಇದ್ದಳು. ನಾವು ಆಕೆಯನ್ನು ಆಯಿ ಎನ್ನುತ್ತಿದ್ದೆವು. ಜೊತೆಗೆ ಅವ್ವನ ತಮ್ಮ, ಬಸಣ್ಣ ಮಾಮಾ. ಹಿತ್ತಲಲ್ಲಿ ಜಾರಿಬಿದ್ದು ಆಯಿಯ ಟೊಂಕದ ಎಲುಬು ಮುರಿದ ಮೇಲೆ ಆಕೆ ಬಸ್ಸು ಹತ್ತುವುದು ನಿಂತಿತ್ತು. ಚಕ್ಕಡಿಯ ಕುಲುಕಾಟವೂ ಆಕೆಗೆ ಆಗದು. ಮಗಳ ಮನೆ ನೋಡಿ ಆಕೆಗೆ ಎಷ್ಟೋ ವರ್ಷವಾಗಿತ್ತು. ಪ್ರತಿ ನಾಗರ ಪಂಚಮಿಗೆ ಮಾಮಾ ಬಂದು ಅವ್ವನನ್ನು ತವರಿಗೆ ಕರೆದೊಯ್ಯುತ್ತಿದ್ದ. ಅವ್ವ ಅಲ್ಲಿಂದ ಬರುವಾಗಲೆಲ್ಲ ಆಯಿಯ ಹಳೆಯ ಸೀರೆಗಳನ್ನು ಗಂಟು ಕಟ್ಟಿ ತರುವಳು. ಅವುಗಳನ್ನು ತುಂಡರಿಸಿ, ತುಂಡಿಗೆ ತುಂಡು ಹಚ್ಚಿ, ಎರಡು ಬೇಸಿಗೆ ಕೂತು ಒಂದು ಕೌದಿ ಹೊಲಿದಳು. ನಡುವೆ ಆಯಿಯ ಮದುವೆಯ ಇಳಕಲ್ ಸೀರೆಯ ಕೆಂಪು ಸೆರಗಿನ ಚೌಕ. ಅದನ್ನು ನಾವು ಯಾರೂ ಹೊದೆಯುವಂತಿರಲಿಲ್ಲ. ಒಂದು ದಿನ ಆ ಕೌದಿ ಕಪಾಟಿನಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ನಿಂತ ಹೊಸದಾಗಿ ಬಂದ ಬಿಳಿ ಕಾರಿನ ಹಿಂದಿನ ಸೀಟಿನ ಮೇಲೆ ಹಾಸಿತ್ತು.

"ಅದು ನಮ್ಮವ್ವನ ಸೀರಿ ಐತ್ರಿ. ಮಂದಿ ಕುಂಡ್ರಾಕ ಹೊಲದಿಲ್ಲ ನಾ," ಅವ್ವ ಪಡಸಾಲೆಯಲ್ಲಿ ನಿಂತು ಹೇಳಿದಳು. ಅಪ್ಪನ ಎದುರು ಅವಳ ದನಿ ಎದ್ದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾಕ ದಿನದ ಮಾತು. ಗಾಡಿ ಹೋದ ಕೂಡಲೆ ತಗದ ಕೊಡತೇನಿ."

"ನನ್ನ ಕೈ ಅಡಿಗಿ ಸಾಲಲಿಲ್ಲೇನ ನಿಮಗ?"

"ಸಾಲಲಿಲ್ಲ ಅಂತನ ತಿಳಕೊ," ಎಂದು ಅಪ್ಪ ನಕ್ಕ.

ಯಾಕೆ ಸಾಲಲಿಲ್ಲ ಎಂಬುದು ಅವನಿಗೂ ನನಗೂ ಮಾತ್ರ ಗೊತ್ತಿತ್ತು. ಆ ಕಾರನ್ನು ಅವನು ಮಹಾರಾಷ್ಟ್ರದ ಕಡೆಯ ಒಂದು ಹೊಳೆದಂಡೆಯ ಊರಿನಿಂದ ತಂದಿದ್ದ. ಬಂದ ಮಾರನೆಯ ದಿನ ಹಿಂದಿನ ಸೀಟು ಬಿಚ್ಚಿ ಬಿಸಿಲಿಗೆ ಇಡುವಾಗ ನನ್ನನ್ನು ಕೈಗೆ ಆಸರೆಗೆಂದು ಕರೆದ. ಸೀಟಿನ ಕೆಳಗೆ ಒಣಗಿ ಬಿರುಕು ಬಿಟ್ಟ ಕೆಸರು, ಕೆರೆಯ ತಳದ ಹಾಗೆ. ಕೆಸರಿನಲ್ಲಿ ಹೊಳೆಯ ಬಸವನಹುಳುಗಳ ಸಣ್ಣ ಸಣ್ಣ ಚಿಪ್ಪು. ಹದಿಮೂರು ವರ್ಷದ ನನಗೂ ಅದರ ಅರ್ಥ ತಿಳಿಯಿತು. ಹಿಂದಿನ ಮಳೆಗಾಲದಲ್ಲಿ ಈ ಗಾಡಿ ಹೊಳೆಯ ನೀರಿನಲ್ಲಿ ದಿನಗಟ್ಟಲೆ ಮುಳುಗಿ ನಿಂತಿತ್ತು. ಎಂಜಿನ್ ಒರೆಸಿ ಶುರು ಮಾಡಿದ್ದರು, ಅದು ಓಡುತ್ತಲೂ ಇತ್ತು. ಆದರೆ ಒಳಗಿನ ವಾಯರುಗಳು ಕೊಳೆಯುತ್ತಿದ್ದವು. ಮುಂದಿನ ಮಳೆಗೆ ಅದು ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು. ನಾನು ಚಿಪ್ಪು ಆರಿಸುವುದನ್ನು ನೋಡಿ ಅಪ್ಪ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. ಹೊಡೆಯುತ್ತಾನೆ ಎಂದುಕೊಂಡೆ. ಹೆಗಲ ಮೇಲೆ ಕೈ ಹಾಕಿದ.

"ಡ್ರೈವಿಂಗ್ ಕಲೀಬೇಕಂತಿ ಅಲ್ಲ?"

"ಹೂಂ."

"ಬ್ಯಾಸಿಗಿ ಸೂಟ್ಯಾಗ ಕಲಸತೇನಿ. ಧುಪದಾಳದ ತನಕ ನೀನ ಹೊಡಿ. ಆದ್ರ ಇಲ್ಲಿ ನೋಡಿದ್ದು ಇಲ್ಲೇ ಇರಬೇಕ. ಅವ್ವಗ ಸುದ್ದಾ ಹೇಳಬಾರದು. ಗಂಡಸು ಆದವ ಮಾತ ಹೊಟ್ಟ್ಯಾಗ ಇಟ್ಕೋತಾನ."

ಅಪ್ಪ ನನ್ನನ್ನು ಗಂಡಸು ಎಂದದ್ದು ಅದೇ ಮೊದಲು. ಹೂಂ ಎಂದೆ. ಅವನಿಗೆ ಕಾಣದಂತೆ ಐದು ಚಿಪ್ಪುಗಳನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡು, ಆಮೇಲೆ ನನ್ನ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟೆ. ಯಾಕೆ ಇಟ್ಟೆ ಎಂದರೆ ಚೆಂದ ಇದ್ದವು, ಅಷ್ಟೇ.

ಎಷ್ಟು ಬಿಸಿಲಿಗೆ ಇಟ್ಟರೂ ಗಾಡಿಯ ಕೆಸರು ವಾಸನೆ ಹೋಗಲಿಲ್ಲ. ಇಬ್ಬರು ಬಂದರು, ಉಂಡರು, ಬಾಗಿಲು ತೆಗೆದು ಒಳಗೆ ತಲೆ ಹಾಕಿದರು, ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಲಿಲ್ಲ. ಆಗಲೇ ಅಪ್ಪ ಕೌದಿ ಹಾಸಿದ್ದು. ಮತ್ತೆ ದಿನಾ ಸಂಜೆ ಕಾರಿನೊಳಗೆ ಲೋಬಾನದ ಹೊಗೆ ಹಾಕತೊಡಗಿದ. ಗಂಡನಿಗೆ ಭಕ್ತಿ ಬಂತೆಂದು ತಿಳಿದ ಅವ್ವ ತಾನೇ ಕೆಂಡ ಮಾಡಿ ಕೊಡುತ್ತಿದ್ದಳು.

ಬಸವ ಜಯಂತಿ ನಾಲ್ಕು ದಿನ ಇದೆ ಎನ್ನುವಾಗ ಬಸಣ್ಣ ಮಾಮಾ ಬಂದ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಕೈಗೆ ಬಂದಿತ್ತು. ಅವನು ಟ್ರ್ಯಾಕ್ಟರ್ ಹೊಡೆಯುವವನು, ಕಾರು ಹೊಡೆಯಲು ಬೇರೆ ಯಾರೂ ಕಲಿಸಬೇಕಿರಲಿಲ್ಲ. ಹಿಂದಿನ ಸೀಟಿನಲ್ಲಿ ಆಯಿಯನ್ನು ಕಾಲು ಚಾಚಿ ಕೂಡಿಸಬಹುದಾದ ಉದ್ದ ಗಾಡಿ ಬೇಕು ಎಂದ. ಬರುವ ಪಂಚಮಿಗೆ ಅಕ್ಕನನ್ನು ಕರೆಯಲು ಆಯಿಯೇ ಬರುತ್ತಾಳೆ, ಮಗಳ ಮನೆಯಲ್ಲಿ ಒಂದು ದಿನ ಉಂಡು, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಮೂಡಲಗಿಗೆ ಹೋಗುತ್ತಾಳೆ. ಇದನ್ನು ಕೇಳಿ ಅವ್ವ ಅಡಿಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಳು. ನ್ಯಾಯವಾಗಿ ಹೇಳಬೇಕೆಂದರೆ ಅಪ್ಪ ಒಂದು ಕ್ಷಣ ಹಿಂಜರಿದ.

"ಇದ ಬ್ಯಾಡ ಬಸೂ. ಬ್ಯಾರೆ ಒಂದ ತರೂಣು, ತಡಿ."

ಮಾಮಾ ಆಗಲೇ ಹಿಂದಿನ ಬಾಗಿಲು ತೆಗೆದಿದ್ದ. ಕೌದಿಯ ಮೇಲೆ ಕೈಯಾಡಿಸಿ, ಕೆಂಪು ಚೌಕದ ಹತ್ತಿರ ಕೈ ನಿಲ್ಲಿಸಿದ.

"ಅವ್ವನ ಸೆರಗಲ್ಲ ಇದು? ಭಾವಾ, ಅವ್ವನ ಸೀರಿ ಹಾಸೇರಿ ಇದಕ್ಕ. ಇನ್ನ ಇದನ್ನ ಬಿಟ್ಟು ಬ್ಯಾರೆದ್ದು ಯಾಕ ತರತೀರಿ? ನಮಗ ಬಿಟ್ಟು ಹೊರಗಿನವರಿಗೆ ಕೊಡಾವ್ರೇನು?"

ಅಪ್ಪ ಸುಮ್ಮನಾದ. ಆ ಸುಮ್ಮನಿರುವಿಕೆಯಲ್ಲೇ ಮಾರಾಟ ಮುಗಿಯಿತು.

ಬಸವ ಜಯಂತಿಯ ದಿನ ಮಾಮಾ ಗಾಡಿ ಒಯ್ಯಲು ಬಂದ. ಅವತ್ತು ಹೋಳಿಗೆಯ ಜೊತೆ ಮಾದಲಿಯೂ ಇತ್ತು. ಎಡೆ ಹಿಡಿದಾದ ಮೇಲೆ ಅವ್ವ ನನ್ನನ್ನು ಕೂಗಿದಳು. ಅಂಗೈ ಒಡ್ಡಿದೆ. ಸಾರಿನ ಹನಿ ಹಾಕಿ, ಉಪ್ಪು ಸರಿ ಇದೆ ಎಂದು ನಾನು ಹೇಳಿದ ಮೇಲೂ ನನ್ನ ಕೈ ಬಿಡಲಿಲ್ಲ. ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ನೀ ದಿನಾ ಅದರಾಗ ಕುಂಡ್ರಾವ. ನಿಮ್ಮಪ್ಪನ್ನ ಕೇಳಿದ್ರ ನಗತಾನ. ನಮ್ಮವ್ವ ಕುಂಡ್ರೂ ಗಾಡಿ ಅದು. ಖರೆ ಹೇಳು, ಗಾಡಿ ಚೊಲೊ ಐತೇನೊ?"

ಅವಳ ಹೆಬ್ಬೆರಳು ನನ್ನ ಅಂಗೈಯ ನಡುವೆ, ಸಾರಿನ ಹನಿ ಬಿದ್ದ ಜಾಗದಲ್ಲೇ ಇತ್ತು. ಇಲ್ಲ ಎಂದಿದ್ದರೆ ಸಾಕಿತ್ತು. ಎರಡಕ್ಷರ. ಅವಳು ಹೊರಗೆ ಹೋಗಿ ತಮ್ಮನನ್ನು ತಡೆಯುತ್ತಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಶಾಲೆಗೆ ಬೇಸಿಗೆ ಸೂಟಿ ಆಗಲೇ ಶುರುವಾಗಿತ್ತು. ಹಿಂದಿನ ವಾರ ಅಪ್ಪ ಧುಪದಾಳದ ದಾರಿಯಲ್ಲಿ ಎರಡು ಸಲ ನನ್ನ ಕೈಗೆ ಸ್ಟೇರಿಂಗ್ ಕೊಟ್ಟಿದ್ದ. ಇನ್ನೂ ಗೇರು ಹಾಕಲು ಕಲಿಸಿರಲಿಲ್ಲ. ನಾನು ನೆಲ ನೋಡಲಿಲ್ಲ, ತಡವರಿಸಲಿಲ್ಲ. ಅವ್ವನ ಮುಖ ನೋಡಿಯೇ ಹೇಳಿದೆ.

"ಚೊಲೊ ಐತವ್ವಾ."

"ಹಂಗಾರ ಚೊಲೊ ಆತು," ಎಂದು ನನ್ನ ಕೆನ್ನೆಗೆ ಹಿಟ್ಟು ಹತ್ತುವಂತೆ ತಟ್ಟಿ ಬಡಿಸಲು ಎದ್ದಳು. ಮಾಮಾ ಎರಡು ಹೋಳಿಗೆ ಹೆಚ್ಚೇ ಉಂಡ. ಬಾನೆಟ್ ಎತ್ತಲೇ ಎಂದು ಅಪ್ಪ ಅವತ್ತು ಕೇಳಲೂ ಇಲ್ಲ. ಗಾಡಿ ಹೊರಡುವಾಗ ಅವ್ವ ಆರತಿ ಮಾಡಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕೌದಿಯನ್ನು ತೆಗೆದುಕೊಳ್ಳದೆ ತಾನೇ ಸರಿಮಾಡಿ ಹಾಸಿದಳು.

"ಇರಲಿ ಬಿಡು ತಮ್ಮಾ. ಅವ್ವಗ ಮೆತ್ತಗ ಆಗತೈತಿ."

ಆ ಬೇಸಿಗೆ ಮುಗಿಯುವುದರೊಳಗೆ ನಾನು ಗಾಡಿ ಹೊಡೆಯಲು ಕಲಿತೆ. ಅಪ್ಪ ಮಾತಿಗೆ ತಪ್ಪಲಿಲ್ಲ.

ಪಂಚಮಿಯ ಹಿಂದಿನ ದಿನ ಅವ್ವ ಮನೆಯನ್ನೆಲ್ಲ ಸಾರಿಸಿದಳು. ಎಳ್ಳಿನ ಉಂಡಿ, ಶೇಂಗಾ ಉಂಡಿ, ತಂಬಿಟ್ಟು ಕಟ್ಟಿದಳು. ಆಯಿ ಕೂಡಲೆಂದು ಪಡಸಾಲೆಯಲ್ಲಿ ಕಾಲುಮಣೆ, ದಿಂಬು ಇಟ್ಟಳು. ಅವತ್ತು ಬೆಳಗಿನಿಂದ ಮಳೆ ಹಿಡಿದಿತ್ತು. ಮಧ್ಯಾಹ್ನವಾಯಿತು, ರೊಟ್ಟಿ ಆರಿದವು. ಸಂಜೆಗೆ ಮೂಡಲಗಿಯ ಕಡೆಯಿಂದ ಬಂದ ಒಬ್ಬ ಸೈಕಲ್ಲಿನವನು ಅಂಗಳದಲ್ಲಿ ನಿಂತು ಸುದ್ದಿ ಹೇಳಿದ. ಅರ್ಧ ದಾರಿಯ ಒಂದು ಹಳ್ಳದ ಸೇತುವೆಯ ಮೇಲೆ ಗಾಡಿ ಧಪ್ಪೆಂದು ನಿಂತಿತು. ಮಾಮಾ ಏನು ಮಾಡಿದರೂ ಜೀವ ಬರಲಿಲ್ಲ. ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಆಯಿ ನಾಲ್ಕು ತಾಸು ಆ ಸೀಟಿನಲ್ಲಿ ಮಳೆಗೆ ನೆನೆಯುತ್ತ ಕೂತಳು. ಕೊನೆಗೆ ಗೊಬ್ಬರ ಹೇರುವ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ, ನಾಲ್ಕು ಜನ ಗಂಡಸರು ಎತ್ತಿ ಮಲಗಿಸಿ, ಮೇಲೆ ತಾಡಪತ್ರಿ ಮುಚ್ಚಿ, ಆಕೆಯನ್ನು ತಿರುಗಿ ಮೂಡಲಗಿಗೆ ಒಯ್ದರು. ಸೈಕಲ್ಲಿನವನಿಗೆ ಅವ್ವ ಉಂಡಿ ಕೊಟ್ಟು ಕಳಿಸಿದಳು. ಕಾಲುಮಣೆ ಎತ್ತಿಟ್ಟಳು.

ವಾರದ ಮೇಲೆ ಮೂಡಲಗಿ ಬಸ್ಸಿನ ಕಂಡಕ್ಟರ್ ಒಂದು ಗಂಟು ತಂದು ಕೊಟ್ಟ. ಒಗೆದು, ಒಣಗಿಸಿ, ಮಡಚಿದ ಕೌದಿ. ಚೀಟಿ ಇಲ್ಲ, ಮಾತಿಲ್ಲ. ಗಾಡಿ ತಿರುಗಿ ತೆಗೆದುಕೊಳ್ಳುತ್ತೇನೆಂದು ಅಪ್ಪ ಹೇಳಿ ಕಳಿಸಿದ್ದ. ಮಾಮಾ ಅದನ್ನು ಗುಜರಿಗೆ ಹಾಕಿದ. ಗುಜರಿಯವರು ಸೀಟು ಬಿಚ್ಚಿದಾಗ ಒಳಗಿನ ಸಂದಿಯಲ್ಲಿ ಕೆಸರು, ಚಿಪ್ಪು ಸಿಕ್ಕವಂತೆ. ಆ ಸುದ್ದಿಯೂ ಮನೆಗೆ ಬಂತು.

"ಗಾಡಿ ಅಂದ ಮ್ಯಾಲ ಕೆಡತಾವ. ನನಗೇನ ಕನಸ ಬಿದ್ದಿತ್ತೇನು?" ಎಂದ ಅಪ್ಪ.

ಎರಡು ದಿನದ ಮೇಲೆ ನಾನು ಶಾಲೆಯಿಂದ ಬಂದಾಗ ಅವಳು ನಡುಮನೆಯಲ್ಲಿ ನನ್ನ ಪಾಟೀಚೀಲ ಹೊಲಿಯುತ್ತ ಕೂತಿದ್ದಳು. ಹೊಲಿಯಲೆಂದು ಒಳಗಿನದನ್ನೆಲ್ಲ ಹೊರಗೆ ತೆಗೆದಿದ್ದಳು. ಕಂಪಾಸ್ ಪೆಟ್ಟಿಗೆ ಅವಳ ತೊಡೆಯ ಮೇಲೆ ತೆರೆದಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತೆ. ಅವಳು ಒಂದು ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂಗಿನ ಹತ್ತಿರ ಒಯ್ದು ಮೂಸಿದಳು. ಐದನ್ನೂ ಒಂದೊಂದಾಗಿ ಪೆಟ್ಟಿಗೆಗೆ ಹಾಕಿ, ಮುಚ್ಚಿ, ಚೀಲದಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟಳು. ಬೈಯಲಿ, ಒಲೆಯ ಕೊಳ್ಳಿಯಿಂದ ಬರೆ ಹಾಕಲಿ ಎಂದು ನಾನು ಕಾದೆ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಮುಂದಿನ ಸೋಮವಾರ ಯಾರೋ ಗಾಡಿ ನೋಡಲು ಬಂದರು. ಎಡೆ ಆಯಿತು. ನಾನು ಅಭ್ಯಾಸದಂತೆ ಅಡಿಗೆಮನೆಗೆ ಹೋಗಿ ಅಂಗೈ ಒಡ್ಡಿದೆ. ಅವ್ವ ಸಾರಿನ ಸೌಟು ಹಿಡಿದು ನನ್ನ ಕೈಯನ್ನು ದಾಟಿ ನೋಡಿದಳು.

"ತಂಗೀ, ಬಾ ಇಲ್ಲೆ. ಉಪ್ಪ ಬರೋಬರಿ ಐತೇನ ನೋಡು."

ಆಯಿ ಆ ಪಂಚಮಿಯ ನಂತರ ಹಾಸಿಗೆ ಹಿಡಿದವಳು ದೀಪಾವಳಿಯವರೆಗೂ ಉಳಿಯಲಿಲ್ಲ. ಮಳೆಯಲ್ಲಿ ಕೂತದ್ದರಿಂದಲೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಯಾರೂ ಹೇಳಲಿಲ್ಲ. ಮಣ್ಣಿಗೆ ಅಪ್ಪ ಬರಲಿಲ್ಲ. ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋದಳು. ಎಲ್ಲ ಮುಗಿದ ಮೇಲೆ ಪಂಕ್ತಿಗೆ ಕೂಡಿಸಿದರು. ಅವ್ವ ಅನ್ನ ಕಲಸುತ್ತ ಕೂತಿದ್ದಳು, ಬಾಯಿಗಿಡಲಿಲ್ಲ. ಮಾಮಾ ತಾನೇ ಸಾರು ಬಡಿಸುತ್ತ ಅವಳ ಎಲೆಯ ಮುಂದೆ ಬಂದು ನಿಂತ. ಕೂಗಲಿಲ್ಲ, ಸಿಟ್ಟಿನ ಮುಖವೂ ಇರಲಿಲ್ಲ.

"ಉಣ್ಣಕ್ಕಾ. ನಮ್ಮ ಮನ್ಯಾಗ ಉಂಡ್ರ ಏನೂ ಕೊಳ್ಳಬೇಕಾಗೂದಿಲ್ಲ."

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಅವ್ವ ಕಲಸಿದ ಅನ್ನವನ್ನು ಅಷ್ಟೂ ಉಂಡಳು, ಒಂದು ಅಗುಳೂ ಬಿಡದೆ, ತಲೆ ಎತ್ತದೆ. ಆ ಮಾತು ನನಗೆ ಸೇರಬೇಕಾದದ್ದು. ಅವಳ ಪಕ್ಕದ ಎಲೆಯಲ್ಲಿ ಕೂತು ನಾನೂ ಉಂಡೆ. ನನಗೆ ಹಸಿವೂ ಆಗಿತ್ತು. ಅದನ್ನೂ ಬರೆಯುತ್ತೇನೆ.

ಮುಂದಿನ ಪಂಚಮಿಗೆ ಮಾಮಾ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಅಣ್ಣತಮ್ಮಂದಿರ ಜೊತೆ ಹೊರಟ ಮೇಲೆ ಅವ್ವ ಅಂಗಳದ ಕಸ ಹೊಡೆಯಲು ಬರುತ್ತಿದ್ದಳು. ಅದೇ ಅಂಗಳವನ್ನು ಎರಡು ಸಲ, ಮೂರು ಸಲ ಗುಡಿಸುತ್ತಿದ್ದಳು. ಅಪ್ಪನ ವ್ಯಾಪಾರವೂ ಹೆಚ್ಚು ದಿನ ನಡೆಯಲಿಲ್ಲ. ಮೂಡಲಗಿಯ ಸುದ್ದಿ ಊರೂರಿಗೆ ಹೋಗಿತ್ತು, ಜನ ಊಟ ಮಾಡದೆ ಬಾನೆಟ್ ಎತ್ತಲು ಶುರು ಮಾಡಿದರು. ಹೋಳಿಗೆ ನಿಂತಿತು. ಕೊಟ್ಟಿಗೆಗೆ ಮತ್ತೆ ಎಮ್ಮೆ ಬಂತು. ಅಪ್ಪ ತೀರಿಕೊಳ್ಳುವವರೆಗೂ ಅವ್ವ ಅವನಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಮುಂದೆ ಕೂತು ಇನ್ನೊಂದು ರೊಟ್ಟಿ ಹಾಕಲೇ ಎಂದು ಮಾತ್ರ ಎಂದೂ ಕೇಳಲಿಲ್ಲ.

ನಾನು ಬಸ್ಸಿನ ಡ್ರೈವರನಾದೆ. ಅಪ್ಪ ಕಲಿಸಿದ ವಿದ್ಯೆ ಅದೊಂದೇ, ಅದಕ್ಕೇ ಪಗಾರ ಸಿಕ್ಕಿತು. ಮದುವೆ, ಮಕ್ಕಳು, ಗೋಕಾಕದಲ್ಲಿ ಒಂದು ಮನೆ, ಮಗನ ಓದು, ಎಲ್ಲವೂ ಆ ಬೇಸಿಗೆಯ ಸ್ಟೇರಿಂಗಿನಿಂದ ಬಂದದ್ದು. ಗೋಕಾಕ–ಮೂಡಲಗಿ ದಾರಿಯಲ್ಲಿ ಎಷ್ಟೋ ವರ್ಷ ನನಗೆ ಡ್ಯೂಟಿ ಬಿತ್ತು. ದಿನಕ್ಕೆ ನಾಲ್ಕು ಸಲ ಆ ಹಳ್ಳದ ಸೇತುವೆ ದಾಟುತ್ತಿದ್ದೆ. ಒಮ್ಮೆ ಬಸಣ್ಣ ಮಾಮಾ ಹತ್ತಿದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನ ಹಿಂದಿನ ಸೀಟಿನಲ್ಲೇ ಕೂತ. ಸೇತುವೆ ಬಂದಾಗ ಕನ್ನಡಿಯಲ್ಲಿ ನೋಡಿದೆ, ಅವನು ಕಿಟಕಿಯ ಕಡೆ ಮುಖ ಮಾಡಿದ್ದ. ಗೋಕಾಕದಲ್ಲಿ ಇಳಿಯುವ ಮೊದಲು ನನ್ನ ಹೆಗಲು ತಟ್ಟಿದ.

"ಚೊಲೊ ಹೊಡಿತೀ ತಮ್ಮಾ. ನೀ ಆಗ ಸಣ್ಣಾವ ಇದ್ದಿ, ನಿಂದೇನ ತಪ್ಪಿಲ್ಲ."

ಇದ್ದದ್ದನ್ನು ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ. ನಾನು ಗೇರು ಹಾಕಿದೆ. ಅವನು ಹಾಗೆಯೇ ನಂಬಿಕೊಂಡು ಸತ್ತ.

ಅವ್ವ ಕೊನೆಯ ಎರಡು ವರ್ಷ ನನ್ನ ಮನೆಯಲ್ಲೇ ಇದ್ದಳು. ಕೌದಿಯನ್ನು ಜೊತೆಗೆ ತಂದಿದ್ದಳು, ತಲೆದೆಸೆಗೆ ಮಡಚಿ ಇಟ್ಟುಕೊಳ್ಳುತ್ತಿದ್ದಳು. ನನ್ನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲವೆಂದು ಯಾರೂ ಹೇಳಲಾರರು. ಡ್ಯೂಟಿಯಿಂದ ಬಂದರೆ ಕಾಲಿಗೆ ಎಣ್ಣೆ ಹಚ್ಚಿಕೊ ಎನ್ನುವಳು, ನನ್ನ ಪಾಲಿನ ಕೆನೆ ತೆಗೆದಿಡುವಂತೆ ನನ್ನ ಹೆಂಡತಿಗೆ ಹೇಳುವಳು. ಆದರೆ ಅಷ್ಟು ವರ್ಷದಲ್ಲಿ, ಹೊರಗೆ ಮಳೆ ಬಂತೇ ಎಂಬಷ್ಟು ಸಣ್ಣ ಮಾತನ್ನೂ ನನ್ನನ್ನು ಕೇಳಿರಲಿಲ್ಲ. ಕಣ್ಣು ಮಂಜಾಗಿತ್ತು, ಕಾಲು ಬಾತಿದ್ದವು, ಜ್ವರ ಬಂದು ಹೋದ ಮೇಲೆ ನಾಲಿಗೆಯ ರುಚಿಯೂ ಹೋಗಿತ್ತು. ಉಪ್ಪು ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನ ನನ್ನ ಹೆಂಡತಿ ಜೋಳದ ನುಚ್ಚು ಮಾಡಿ, ಮಜ್ಜಿಗೆ ಹಾಕಿ ಬಟ್ಟಲನ್ನು ನನ್ನ ಕೈಗೆ ಕೊಟ್ಟು ನೀರು ತರಲು ಹಿತ್ತಲಿಗೆ ಹೋದಳು. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡಿ, ಅವ್ವನ ಎರಡೂ ಕೈಗೆ ಬಟ್ಟಲು ಹಿಡಿಸಿದೆ.

"ಇದಕ್ಕ ಉಪ್ಪ ಹಾಕಿಲ್ಲ ಹೌದಿಲ್ಲೊ?" ಎಂದಳು, ಯಾರಿಗೆಂದಿಲ್ಲದೆ.

"ಇಲ್ಲವ್ವಾ. ಹಾಕಿಲ್ಲ. ನಾ ತಿಂದ ನೋಡೇನಿ."

ಅವ್ವ ಹೂಂ ಎಂದಳು. ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ಹಿತ್ತಲ ಬಾಗಿಲ ಕಡೆ ಮುಖ ತಿರುಗಿಸಿದಳು. ಹಸಿದಿದ್ದಳು, ಬೆಳಗಿನಿಂದ ಏನೂ ತಿಂದಿರಲಿಲ್ಲ. ನಾನು ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದೆ. ಹೊರಗೆ ಕೊಡ ತುಂಬುವ ಸದ್ದು ಬಹಳ ಹೊತ್ತು ಕೇಳಿಸಿತು. ನುಚ್ಚು ಆರಿತು. ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು.

"ಉಪ್ಪ ಹಾಕಿಲ್ಲ ಹೌದಿಲ್ಲವಾ?" ಅವ್ವ ಅವಳನ್ನು ಕೇಳಿದಳು.

"ಹಾಕಿಲ್ರಿ, ಅತ್ತೀ."

ಅವ್ವ ಆಮೇಲೆ ಚಮಚ ಎತ್ತಿದಳು.